ಮನೆತನದ ಹೆಮ್ಮೆ: ಹುಮನಾಬಾದಿನ ಪಾಯಗಾ ನಮಗೆ ಕಲಿಸುವ ಪಾಠ

ಹುಮನಾಬಾದಿನ ಕುಟುಂಬವೊಂದರಲ್ಲಿ ವಿವಾಹದ ಮಾತುಕತೆಗೆಂದು ಹಿರಿಯರು ಸೇರಿದ್ದಾಗ ನಾವೂ ಅಲ್ಲಿದ್ದೆವು. ಹುಡುಗ ವಿದ್ಯಾವಂತ, ಉದ್ಯೋಗಸ್ಥ. ಹುಡುಗಿ ದಾದಿಯ ತರಬೇತಿ ಮುಗಿಸಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಸೇವೆಯಲ್ಲಿ ತೊಡಗಿದವಳು. ಇಬ್ಬರಿಗೂ ಒಪ್ಪಿಗೆಯಿತ್ತು. ಎರಡೂ ಕಡೆಯವರು ಭಾನುವಾರ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವವರು, ಒಂದೇ ಪ್ರಸಾದವನ್ನು ಸ್ವೀಕರಿಸುವವರು. ಚಹಾದ ಕಪ್ಪುಗಳು ಬರಿದಾಗುವ ಹೊತ್ತಿಗೆ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು, "ಎಲ್ಲಾ ಖರೇ ಅದ. ಆದ್ರ ಅವರದು ಮನೆತನ ಯಾವುದು?" ಎಂದು ಕೇಳಿದರು. ಮನೆಯಲ್ಲಿ ಮೌನ ಕವಿಯಿತು. ಮಾತುಕತೆಯನ್ನು ಮುಂದೂಡಲಾಯಿತು. ಹಾಗೆ ಮುಂದೂಡಿದ ಮಾತು ಮತ್ತೆ ಹತ್ತಿರ ಬರಲಿಲ್ಲ.

ಆ ಹಿರಿಯರು ದುಷ್ಟರಲ್ಲ. ಬಡವರ ಮಕ್ಕಳ ಶಾಲಾ ಶುಲ್ಕವನ್ನು ಸದ್ದಿಲ್ಲದೆ ಕಟ್ಟಿದವರು. ಆದುದರಿಂದಲೇ ಅವರ ಪ್ರಶ್ನೆ ನಮ್ಮನ್ನು ಹೆಚ್ಚು ಕಾಡಿತು. ಒಳ್ಳೆಯವರ ಬಾಯಲ್ಲೂ ಈ ಪ್ರಶ್ನೆ ಇಷ್ಟು ಸಹಜವಾಗಿ ಬರುವುದಾದರೆ ಅದರ ಬೇರು ಆಳವಾಗಿದೆ ಎಂದೇ ಅರ್ಥ. ಮನೆತನವೆಂದರೇನು? ಅದು ಎಲ್ಲಿಂದ ಹುಟ್ಟುತ್ತದೆ? ಯಾವುದರಿಂದ ಬಾಳುತ್ತದೆ, ಯಾವುದರಿಂದ ಅಳಿಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವು ನಿತ್ಯ ನಡೆದಾಡುವ ಹುಮನಾಬಾದ ಮತ್ತು ಬಸವಕಲ್ಯಾಣದ ಮಣ್ಣೇ ಈ ವಿಷಯದಲ್ಲಿ ದೊಡ್ಡ ಪಾಠಶಾಲೆ.

ಲಾಯದಿಂದ ಎದ್ದ ಮನೆ

ಇಂದಿನ ಪೀಳಿಗೆಯ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಹುಮನಾಬಾದ ಮತ್ತು ಚಿಟಗುಪ್ಪದ ಸೀಮೆ ನೇರವಾಗಿ ನಿಜಾಮರ ಸರ್ಕಾರದ ಆಡಳಿತದಲ್ಲಿರಲಿಲ್ಲ. ಅದು 'ಪಾಯಗಾ' ಎಂಬ ಜಹಗೀರಿಗೆ ಸೇರಿತ್ತು. ಪಾಯಗಾ ಎಂಬುದು ಪಾರಸಿ ಶಬ್ದ. ಅದಕ್ಕೆ ಪದವಿ ಎಂಬ ಅರ್ಥವೂ ಇದೆ, ಕುದುರೆಯ ಲಾಯ ಎಂಬ ಅರ್ಥವೂ ಇದೆ. ನಮ್ಮ ಗಡಿಭಾಗದ ಹಿರಿಯರು ಕುದುರೆಗಳನ್ನು ಕಟ್ಟುವ ಸ್ಥಳಕ್ಕೆ 'ಪಾಗಾ' ಎನ್ನುತ್ತಿದ್ದುದು ಇದೇ ಶಬ್ದವನ್ನು. ನಿಜಾಮರಿಗೆ ಅಶ್ವದಳವನ್ನು ಸಿದ್ಧವಾಗಿಟ್ಟು ಕೊಡಬೇಕು, ಅದರ ವೆಚ್ಚಕ್ಕೆಂದು ಇಂತಿಷ್ಟು ಹಳ್ಳಿಗಳ ಕಂದಾಯವನ್ನು ಅನುಭವಿಸಬೇಕು: ಇದು ಆ ವ್ಯವಸ್ಥೆಯ ತಿರುಳು. ಆ ಹಳ್ಳಿಗಳನ್ನು ಪಡೆದ ಮನೆತನಕ್ಕೂ ಕಾಲಕ್ರಮದಲ್ಲಿ ಪಾಯಗಾ ಎಂಬ ಹೆಸರೇ ನಿಂತಿತು. ಕುದುರೆಯ ಲಾಯದ ಹೆಸರು ಸಂಸ್ಥಾನದ ಅತಿ ದೊಡ್ಡ ಕುಲೀನ ಮನೆತನದ ಹೆಸರಾಯಿತು.

ಈ ಮನೆತನದ ಏಳಿಗೆಗೆ ಕಾರಣ ಕತ್ತಿ. 18ನೆಯ ಶತಮಾನದ ಉತ್ತರಾರ್ಧದಲ್ಲಿ ನಿಜಾಂ ಅಲಿ ಖಾನನ ಸೇವೆಯಲ್ಲಿ ಮೇಲೇರಿದ ಸೇನಾನಾಯಕ ಅಬುಲ್ ಫತೇ ಖಾನನನ್ನು ಅದರ ಸ್ಥಾಪಕನೆಂದು ಪರಿಗಣಿಸುತ್ತಾರೆ. ಅವನಿಗೆ ದೊರೆತ ಬಿರುದು ತೇಗ್ ಜಂಗ್, ಅಂದರೆ ಯುದ್ಧದ ಖಡ್ಗ. ಇನ್ನೊಂದು ಬಿರುದು ಶಮ್ಸ್-ಉಲ್-ಉಮರಾ, ಅಂದರೆ ಅಮೀರರ ನಡುವಣ ಸೂರ್ಯ. ಮುಂದೆ ಈ ಮನೆತನದವರು ನಿಜಾಮರ ಹೆಣ್ಣುಮಕ್ಕಳನ್ನೇ ವರಿಸಿ ಅರಮನೆಗೆ ಅಳಿಯಂದಿರಾದರು. ಸಂಸ್ಥಾನದ ಸಕಲ ಸರದಾರರಲ್ಲಿ ನಿಜಾಮರ ಕುಟುಂಬದ ನಂತರದ ಪ್ರಥಮ ಸ್ಥಾನ ಇವರದಾಯಿತು. 19ನೆಯ ಶತಮಾನದ ಕೊನೆಗೆ ಅವರ ಜಹಗೀರು ಆಸ್ಮಾನ್ ಜಾಹ್, ಖುರ್ಷೀದ್ ಜಾಹ್ ಮತ್ತು ವಿಕಾರ್-ಉಲ್-ಉಮರಾ ಎಂಬ ಮೂವರ ಹೆಸರಿನಲ್ಲಿ ಮೂರು ಪಾಲಾಗಿತ್ತು. ಇವರಲ್ಲಿ ಆಸ್ಮಾನ್ ಜಾಹ್ ಮತ್ತು ವಿಕಾರ್-ಉಲ್-ಉಮರಾ ಒಬ್ಬರ ನಂತರ ಒಬ್ಬರು ಸಂಸ್ಥಾನದ ಪ್ರಧಾನಮಂತ್ರಿಗಳಾದರು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. 1798ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡರು. ಫ್ರೆಂಚ್ ಸೇನಾನಿ ರೇಮಂಡ್ ಕಟ್ಟಿ ಬೆಳೆಸಿದ್ದ ಪಡೆಯನ್ನು ಅದೇ ವರ್ಷ ವಿಸರ್ಜಿಸಲಾಯಿತು. ಅಂದಿನಿಂದ ಸಂಸ್ಥಾನದ ರಕ್ಷಣೆಯ ಹೊಣೆ ಕಾರ್ಯತಃ ಕಂಪನಿಯ ಕೈ ಸೇರಿತು. ಪಾಯಗಾ ಕುದುರೆಗಳು ಓಡಬೇಕಾದ ಯುದ್ಧರಂಗಗಳು ಇಲ್ಲವಾದವು. ಸವಾರರು ಮೆರವಣಿಗೆಯ ಅಲಂಕಾರವಾದರು. ಆದರೆ ಕುದುರೆಯ ಮೇವಿಗೆಂದು ಕೊಟ್ಟ ಹಳ್ಳಿಗಳು ಮಾತ್ರ ಮನೆತನದಲ್ಲೇ ಉಳಿದವು. ಇನ್ನೂ ನೂರೈವತ್ತು ವರ್ಷ ಉಳಿದವು. ಕರ್ತವ್ಯ ಮುಗಿದರೂ ಹಕ್ಕು ಮುಗಿಯಲಿಲ್ಲ. ಕುದುರೆ ಹೋಯಿತು, ಲಾಯದ ಹೊಲ ಉಳಿಯಿತು.

ಕುಲದ ಹಿರಿಮೆಯ ರೋಗ ಹುಟ್ಟುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಯಾವ ಮನೆತನವೂ ಆರಂಭದಲ್ಲಿ ಸುಮ್ಮನೆ ದೊಡ್ಡದಾಗುವುದಿಲ್ಲ. ಯಾರೋ ಒಬ್ಬ ಅಜ್ಜ ಏನನ್ನೋ ಮಾಡಿರುತ್ತಾನೆ: ಊರನ್ನು ಕಾದಿರುತ್ತಾನೆ, ಕೆರೆ ಕಟ್ಟಿಸಿರುತ್ತಾನೆ, ಬರಗಾಲದಲ್ಲಿ ಕಣಜ ತೆರೆದಿರುತ್ತಾನೆ. ಜನ ಅವನಿಗೆ ತಲೆಬಾಗುತ್ತಾರೆ. ಮೊಮ್ಮಗ ಏನನ್ನೂ ಮಾಡದೆ ಅದೇ ಗೌರವವನ್ನು ಆಸ್ತಿಯಂತೆ ಬಯಸುತ್ತಾನೆ. ಅಜ್ಜನ ಪಾಲಿಗೆ ಹೊಣೆಯಾಗಿದ್ದದ್ದು ಮೊಮ್ಮಗನಿಗೆ ಬರಿಯ ಹೆಸರಾಗಿ ಉಳಿಯುತ್ತದೆ.

ನಮ್ಮ ಜೋಳ, ಅವರ ಅರಮನೆ

ಹೈದರಾಬಾದಿಗೆ ಹೋದ ನಮ್ಮವರು ಫಲಕ್‌ನುಮಾ ಅರಮನೆಯನ್ನು ದೂರದಿಂದಲಾದರೂ ನೋಡಿರಬಹುದು. ಬೆಟ್ಟದ ಮೇಲಿನ ಆ ಭವ್ಯ ಸೌಧದ ನಿರ್ಮಾಣವನ್ನು 1884ರಲ್ಲಿ ಆರಂಭಿಸಿದವನು ಪಾಯಗಾ ಮನೆತನದ ವಿಕಾರ್-ಉಲ್-ಉಮರಾ. ಇಟಲಿಯ ಅಮೃತಶಿಲೆ, ನೂರೊಂದು ಜನ ಒಟ್ಟಿಗೆ ಕುಳಿತು ಉಣ್ಣುವ ಊಟದ ಮೇಜು, ಗ್ರಂಥಾಲಯ, ಎಲ್ಲವೂ ಅಲ್ಲಿದ್ದವು. ಕಟ್ಟಿದವನಿಗೆ ಅದನ್ನು ಬಹುಕಾಲ ಅನುಭವಿಸಲಾಗಲಿಲ್ಲ. 1897ರಲ್ಲಿ ಅರಮನೆ ನಿಜಾಂ ಮಹಬೂಬ್ ಅಲಿ ಖಾನರ ವಶವಾಯಿತು. ಇಂದು ಅದು ಐಷಾರಾಮಿ ಹೋಟೆಲು. ಅದೇ ನಗರದ ಪಿಸಲ್ ಬಂಡೆಯಲ್ಲಿ ಈ ಮನೆತನದವರ ಸಮಾಧಿಗಳಿವೆ. ಗಾರೆಯಲ್ಲಿ ಬಿಡಿಸಿದ ಹೂಬಳ್ಳಿಗಳು, ಒಂದರಂತೆ ಇನ್ನೊಂದಿಲ್ಲದ ಜಾಲಂಧ್ರಗಳು ನೋಡುವವರ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಕಲೆಯ ದೃಷ್ಟಿಯಿಂದ ಅವು ದಖ್ಖನಿನ ಸಂಪತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಸೌಂದರ್ಯದ ಬೆಲೆಯನ್ನು ತೆತ್ತವರಲ್ಲಿ ನಮ್ಮವರೂ ಇದ್ದರು. ಹುಮನಾಬಾದ, ಚಿಟಗುಪ್ಪಗಳ ಕಪ್ಪು ಮತ್ತು ಕೆಂಪು ಮಣ್ಣಿನಲ್ಲಿ ಜೋಳ, ತೊಗರಿ, ಕಡಲೆ ಬೆಳೆದ ರೈತನ ಕಂದಾಯವೂ ಆ ಖಜಾನೆಗೆ ಹರಿದಿತ್ತು. ಹರಿದು ಹೋದ ಹಣ ನಗರದಲ್ಲಿ ಗೋಡೆಯಾಯಿತು, ಕಮಾನಾಯಿತು, ದೀಪಗುಚ್ಛವಾಯಿತು. ಕಂದಾಯ ಕೊಟ್ಟ ಹಳ್ಳಿಗೆ ಮರಳಿ ಬಂದದ್ದೇನು? ಅಮೀರನ ಅರಮನೆ ಹೈದರಾಬಾದಿನಲ್ಲಿ, ಅವನ ಅಧಿಕಾರಿಗಳ ಕಚೇರಿ ಇಲ್ಲಿ. ಕಚೇರಿಯ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. ಕನ್ನಡದಲ್ಲಿ ಬಿತ್ತಿ ಕನ್ನಡದಲ್ಲಿ ಅಳುತ್ತಿದ್ದ ರೈತನಿಗೆ ತನ್ನ ಹೊಲದ ಲೆಕ್ಕವನ್ನು ಓದಿಕೊಳ್ಳಲು ಸಾಧ್ಯವಿರಲಿಲ್ಲ. ಸಂಸ್ಥಾನದ ಸುಮಾರು ಹತ್ತರಲ್ಲಿ ಮೂರು ಪಾಲು ಭೂಮಿ ಹೀಗೆ ಜಹಗೀರುದಾರರ ಕೈಯಲ್ಲಿತ್ತು. 1949ರ ಆಗಸ್ಟ್ 15ರಂದು ಜಹಗೀರು ರದ್ದತಿಯ ಕಾನೂನು ಜಾರಿಗೆ ಬಂದಾಗ ಆ ಯುಗ ಮುಗಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾದೀತು. ಅದೇ ಮನೆತನದ ಫಕ್ರುದ್ದೀನ್ ಖಾನ್, ಎರಡನೆಯ ಶಮ್ಸ್-ಉಲ್-ಉಮರಾ, ವಿದ್ಯಾಪಕ್ಷಪಾತಿ. 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಆತ ಶಾಲೆ ತೆರೆದ, ಮುದ್ರಣಾಲಯ ಸ್ಥಾಪಿಸಿದ, ಪಾಶ್ಚಾತ್ಯ ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ಅನುವಾದ ಮಾಡಿಸಿ ಅಚ್ಚು ಹಾಕಿಸಿದ. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಬಹುದೆಂದು ನಂಬಿದವರು ಆಗ ಎಷ್ಟು ಮಂದಿ ಇದ್ದರು? ಕತ್ತಿಯ ಮನೆಯಲ್ಲಿ ಹುಟ್ಟಿದ ಆತ ಹೊಸ ಕರ್ತವ್ಯವೊಂದನ್ನು ಹುಡುಕಿಕೊಂಡ. ಹಕ್ಕಿಗೆ ತಕ್ಕ ಹೊಣೆಯನ್ನು ತಾನೇ ಹೊತ್ತುಕೊಂಡ. ಆತನನ್ನು ನಾವು ಗೌರವದಿಂದಲೇ ನೆನೆಯಬೇಕು.

ಬಸವಕಲ್ಯಾಣದ ಕೋಟೆಗೂ ಇಂಥದೇ ಎರಡು ಮುಖಗಳಿವೆ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ ಬಹಮನಿಯರು, ಬೀದರ ಮತ್ತು ಬಿಜಾಪುರದ ಸುಲ್ತಾನರನ್ನು ಕಂಡು, 1657ರಲ್ಲಿ ಔರಂಗಜೇಬನ ಮುತ್ತಿಗೆಗೆ ಮಣಿಯಿತು. ನಿಜಾಮರ ಕಾಲದಲ್ಲಿ ಅದು ಕಲ್ಯಾಣಿ ನವಾಬರ ಜಹಗೀರಾಯಿತು. ಅವರದೂ ಶಸ್ತ್ರದಿಂದ ಎದ್ದ ಸರದಾರಿಕೆಯೇ. ಆದರೆ ಇಂದು ಹೈದರಾಬಾದಿನ ಜನಸಾಮಾನ್ಯರಲ್ಲಿ ಅವರ ಹೆಸರು ಉಳಿದಿರುವುದು ಯುದ್ಧದಿಂದಲ್ಲ, ಅನ್ನದಿಂದ. 'ಕಲ್ಯಾಣಿ ಬಿರಿಯಾನಿ' ಎಂಬ ಬಡವರ ಬಿರಿಯಾನಿ ಆ ನವಾಬರ ಅಡುಗೆಮನೆಯಿಂದ ಬಂದದ್ದು. ಕಲ್ಯಾಣದಿಂದ ಕೆಲಸಕಾರ್ಯಕ್ಕೆಂದು ನಗರಕ್ಕೆ ಬಂದ ತಮ್ಮ ಸೀಮೆಯ ಜನರಿಗೆ ಅವರ ಹವೇಲಿಯಲ್ಲಿ ಅದನ್ನು ಬಡಿಸುತ್ತಿದ್ದರು ಎಂದು ಅಲ್ಲಿಯ ಜನ ಹೇಳುತ್ತಾರೆ. ಜನ ಮನೆತನವೊಂದನ್ನು ಯಾವುದಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಗೆದ್ದ ಕೋಟೆ ಮರೆತುಹೋಗುತ್ತದೆ, ಹಸಿದವನಿಗೆ ಇಟ್ಟ ಎಡೆ ಮರೆಯುವುದಿಲ್ಲ.

ದೂರದ ಕನ್ನಡಿ

ಇದು ಮುಸಲ್ಮಾನ ಅಮೀರರ ಕಥೆಯಷ್ಟೇ ಎಂದು ಯಾರೂ ಭಾವಿಸಬಾರದು. ಯೂರೋಪಿನ ಕ್ಯಾಥೋಲಿಕ್ ನಾಡಾದ ಕ್ರೊಯೇಷಿಯದಲ್ಲಿ ಝ್ರಿನ್‌ಸ್ಕಿ ಎಂಬ ಮನೆತನವಿತ್ತು. ಮೊದಲು ಶುಬಿಚ್ ಎಂದು ಹೆಸರಾಗಿದ್ದ ಆ ವಂಶದ ಶಾಖೆಯೊಂದು 1347ರಲ್ಲಿ ಝ್ರಿನ್ ಕೋಟೆಯನ್ನು ಪಡೆದು ಆ ಹೆಸರನ್ನೇ ತನ್ನದಾಗಿಸಿಕೊಂಡಿತು. ಅವರೂ ಗಡಿಯ ಯೋಧರೇ. 1566ರಲ್ಲಿ ತುರ್ಕರ ಸುಲ್ತಾನ ಸುಲೇಮಾನನ ಮಹಾಸೈನ್ಯ ಸಿಗೆತ್ವಾರ್ ಕೋಟೆಗೆ ಮುತ್ತಿಗೆ ಹಾಕಿದಾಗ ನಿಕೋಲ ಝ್ರಿನ್‌ಸ್ಕಿ ಸ್ವಲ್ಪವೇ ಸೈನ್ಯದೊಂದಿಗೆ ಒಂದು ತಿಂಗಳು ಕಾದು, ಕೊನೆಗೆ ಕೋಟೆಯ ಬಾಗಿಲು ತೆರೆದು ನುಗ್ಗಿ ಮಡಿದ. ಸುಲ್ತಾನನೂ ಅದೇ ಮುತ್ತಿಗೆಯ ಬಿಡಾರದಲ್ಲಿ ತೀರಿಕೊಂಡಿದ್ದ. ಆ ಒಂದು ಸಾವು ಝ್ರಿನ್‌ಸ್ಕಿ ಹೆಸರನ್ನು ಯೂರೋಪಿನಾದ್ಯಂತ ಹಬ್ಬಿಸಿತು.

ಆದರೆ ಒಡೆಯನ ಕೃಪೆಯಿಂದ ಬಾಳುವ ಮನೆತನ ಒಡೆಯನ ಕೋಪದಿಂದ ಅಳಿಯುತ್ತದೆ. ನೂರು ವರ್ಷಗಳ ಬಳಿಕ ಅದೇ ನಿಕೋಲನ ವಂಶಜ ಪೀಟರ್ ಝ್ರಿನ್‌ಸ್ಕಿ ಮತ್ತು ಅವನ ಭಾವಮೈದುನ ಫ್ರಾನ್ ಕೃಸ್ಟೊ ಫ್ರಾಂಕೋಪಾನ್ ಹಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಸಂಚು ಹೂಡಿದರೆಂಬ ಆರೋಪದ ಮೇಲೆ 1671ರ ಏಪ್ರಿಲ್ 30ರಂದು ಶಿರಚ್ಛೇದಕ್ಕೆ ಗುರಿಯಾದರು. ಚಕ್ರವರ್ತಿಯೂ ಕ್ಯಾಥೋಲಿಕನೇ, ತಲೆ ಕೊಟ್ಟವರೂ ಕ್ಯಾಥೋಲಿಕರೇ. ಆಸ್ತಿಯೆಲ್ಲ ಜಪ್ತಿಯಾಯಿತು. ಪೀಟರನ ಮಗ ಸೆರೆಯಲ್ಲೇ 1703ರಲ್ಲಿ ತೀರಿಕೊಂಡ. ಮುತ್ತಜ್ಜನ ಬಲಿದಾನ ಮರಿಮಗನನ್ನು ಕಾಪಾಡಲಿಲ್ಲ.

ಆ ಮನೆಯಿಂದ ಉಳಿದದ್ದೇನು? ಕೋಟೆಗಳು ಪಾಳುಬಿದ್ದವು. ಪೀಟರನ ಪತ್ನಿ ಕತರೀನ ಮಾತ್ರ ತನ್ನ ಜನರ ನುಡಿಯಲ್ಲಿ ಪ್ರಾರ್ಥನೆಯ ಪುಸ್ತಕವೊಂದನ್ನು ಸಿದ್ಧಪಡಿಸಿ 1661ರಲ್ಲಿ ವೆನಿಸಿನಲ್ಲಿ ಮುದ್ರಿಸಿದ್ದಳು. 'ದಾರಿಯ ಜೊತೆಗಾರ' ಎಂಬುದು ಅದರ ಹೆಸರಿನ ಅರ್ಥ. ಗಂಡನನ್ನು ಕಳೆದುಕೊಂಡ ಎರಡು ವರ್ಷಗಳಲ್ಲಿ, 1673ರಲ್ಲಿ, ಅವಳೂ ತೀರಿಕೊಂಡಳು. ಆದರೆ ಪುಸ್ತಕ ಉಳಿಯಿತು. ಇಂದಿಗೂ ಕ್ರೊಯೇಷಿಯದವರು ತಮ್ಮ ಸಾಹಿತ್ಯದ ಚರಿತ್ರೆಯಲ್ಲಿ ಅದನ್ನು ನೆನೆಯುತ್ತಾರೆ. ಶಮ್ಸ್-ಉಲ್-ಉಮರಾನ ವಿಜ್ಞಾನ ಪುಸ್ತಕಗಳು, ಕತರೀನಳ ಪ್ರಾರ್ಥನಾ ಪುಸ್ತಕ: ಎರಡು ಖಂಡಗಳ, ಎರಡು ಧರ್ಮಗಳ ಎರಡು ಯೋಧ ಮನೆತನಗಳಲ್ಲಿ ಕತ್ತಿಗಿಂತ ಹೆಚ್ಚು ಬಾಳಿದ್ದು ಜನರ ನುಡಿಯಲ್ಲಿ ಜನರಿಗಾಗಿ ಮಾಡಿದ ಕೆಲಸವೇ ಎಂಬುದು ವಿಚಾರಾರ್ಹ.

ಕಲ್ಯಾಣದಲ್ಲಿ ನಡೆದ ಒಂದು ಮದುವೆ

ಮದುವೆಯ ಮಾತಿನಿಂದ ಆರಂಭಿಸಿದ ನಾವು ಇನ್ನೊಂದು ಮದುವೆಯನ್ನು ನೆನೆಯದೆ ಮುಂದುವರಿಯಲಾರೆವು. 12ನೆಯ ಶತಮಾನದ ನಡುವಿನಲ್ಲಿ ಕಲ್ಯಾಣದ ಸಿಂಹಾಸನದಲ್ಲಿದ್ದವನು ಕಲಚುರಿ ವಂಶದ ಬಿಜ್ಜಳ. ಅವನೂ ಚಾಲುಕ್ಯರ ಅಧೀನದಲ್ಲಿ ಸೈನ್ಯಬಲದಿಂದ ಮೇಲೇರಿ, ಕೊನೆಗೆ ಒಡೆಯರ ಗದ್ದುಗೆಯನ್ನೇ ವಶಪಡಿಸಿಕೊಂಡವನು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದ ಶರಣರು ಮಾತ್ರ ಮನೆತನವನ್ನು ಬೇರೆಯೇ ರೀತಿಯಲ್ಲಿ ಅಳೆದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ: ಅವರ ಹೆಸರಿನ ಮುಂದೆ ನಿಂತದ್ದು ಬಿರುದಲ್ಲ, ಕಾಯಕ.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ಬಿಜ್ಜಳ ಆ ಇಬ್ಬರು ತಂದೆಯರಿಗೂ ಘೋರವಾದ ಮರಣದಂಡನೆ ವಿಧಿಸಿದನೆಂದೂ, ಅದರಿಂದೆದ್ದ ಕ್ರಾಂತಿಯಲ್ಲಿ ಕಲ್ಯಾಣವೇ ನಡುಗಿತೆಂದೂ ಪರಂಪರೆ ಹೇಳುತ್ತದೆ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯನ್ನು ಇಂದಿಗೂ ತೋರಿಸುತ್ತಾರೆ. ಬಿಜ್ಜಳನ ಮನೆತನದ ಹೆಸರು ಹೇಳಿಕೊಳ್ಳುವವರು ಇಂದು ಕಲ್ಯಾಣದಲ್ಲಿ ಯಾರೂ ನಮಗೆ ಸಿಕ್ಕಲಿಲ್ಲ. ಆದರೆ ಚಪ್ಪಲಿ ಹೊಲಿದವನ ಹೆಸರಿಗೆ ಕೈಮುಗಿಯುವವರು ಪ್ರತಿದಿನ ಬರುತ್ತಾರೆ. ಎಂಟು ನೂರೈವತ್ತು ವರ್ಷಗಳ ಹಿಂದೆ ಇದೇ ನೆಲದಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆಯನ್ನು ನಾವು ಇಂದೂ ಚಹಾ ಕುಡಿಯುತ್ತಾ ಕೇಳುತ್ತಿದ್ದೇವೆ. ಅದೂ ಶಿಲುಬೆಯ ಕೆಳಗೆ ಕುಳಿತು ಕೇಳುತ್ತಿದ್ದೇವೆ.

ಇನ್ನೊಂದು ಎಚ್ಚರದ ಮಾತನ್ನೂ ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ನವಾಬರ, ಜಹಗೀರುದಾರರ ಮಾತೆತ್ತಿದೊಡನೆ ಕೆಲವರ ಮನಸ್ಸು 1948ಕ್ಕೆ ಹೋಗುತ್ತದೆ. ಆ ವರ್ಷ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಯಾರೂ ಮರೆಯಲಾರರು, ಮರೆಯಬಾರದು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಿರಪರಾಧಿ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರವನ್ನೂ ಮರೆಯಬಾರದು. ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಹೆಚ್ಚು ಹಾನಿಗೊಳಗಾದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಎರಡೂ ಕಡೆ ಸತ್ತವರಲ್ಲಿ ಬಹುಪಾಲು ಜನ ಜಹಗೀರಿನ ಒಂದು ಕಾಸನ್ನೂ ಕಾಣದವರು. ಪಾಯಗಾದ ಕಂದಾಯವನ್ನು ಹಿಂದೂ ರೈತನಂತೆಯೇ ಮುಸಲ್ಮಾನ ರೈತನೂ, ಊರ ಹೊರಗಿನ ಕೇರಿಯವನೂ ಬೆವರಿನಲ್ಲಿ ತೆತ್ತವರು. ಆದ್ದರಿಂದ ಒಂದು ಮನೆತನದ ಲೆಕ್ಕವನ್ನು ಒಂದು ಸಮುದಾಯದ ಮೇಲೆ ಹೊರಿಸುವುದು ಅನ್ಯಾಯ. ಹುಮನಾಬಾದಿನ ಪಕ್ಕದಲ್ಲೇ ಮಾಣಿಕಪ್ರಭುಗಳ ಮಾಣಿಕನಗರವಿದೆ. ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯ ಪಾಯಗಾ ಜಹಗೀರಿನ ಕಾಲದಲ್ಲಿಯೇ ಅಲ್ಲಿ ಬೇರೂರಿತು. ಅದೂ ಈ ಮಣ್ಣಿನ ಗುಣವೇ.

ನಮ್ಮ ಮನೆಗಳ ಮಾತು

ಈಗ ನಮ್ಮ ಕುಟುಂಬಗಳತ್ತ ತಿರುಗೋಣ. ಈ ಭಾಗದ ಕ್ಯಾಥೋಲಿಕ್ ಕುಟುಂಬಗಳಲ್ಲಿ ಹಲವು ಬಗೆಯವರಿದ್ದಾರೆ. ಕರಾವಳಿಯಿಂದಲೂ ಕೇರಳದಿಂದಲೂ ಉದ್ಯೋಗಕ್ಕೆ ಬಂದು ನೆಲೆಸಿದವರಿದ್ದಾರೆ. ತಲೆತಲಾಂತರದಿಂದ ಈ ಮಣ್ಣಿನಲ್ಲೇ ದುಡಿದು, ಊರ ಹೊರಗಿನ ಅವಮಾನ ಉಂಡು, ವಿಶ್ವಾಸದಲ್ಲಿ ಮಾನ ಕಂಡುಕೊಂಡವರಿದ್ದಾರೆ. ಮೊದಲಿನವರಲ್ಲಿ ಕೆಲವರು ತಮ್ಮ ಹಳೆಯ ಮನೆತನದ ಹೆಸರನ್ನೂ ಶ್ರೀರಂಗಪಟ್ಟಣದ ಸೆರೆಯಿಂದ ಮರಳಿ ಬಂದ ಪೂರ್ವಜರನ್ನೂ ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಎರಡನೆಯವರ ಪೂರ್ವಜರೂ ಸೆರೆಯಲ್ಲೇ ಇದ್ದವರು. ಅವರ ಸೆರೆಗೆ ಕೋಟೆಯಿರಲಿಲ್ಲ, ಹದಿನೈದು ವರ್ಷಗಳ ಅವಧಿಯೂ ಇರಲಿಲ್ಲ. ಆ ಸಹನೆಯ ಚರಿತ್ರೆಯನ್ನು ಬರೆದವರಿಲ್ಲ ಎಂದ ಮಾತ್ರಕ್ಕೆ ಅದು ಮನೆತನವಲ್ಲವೆ? 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ ಸ್ಥಾಪನೆಯಾದಾಗ ನಾವೆಲ್ಲರೂ ಒಂದೇ ಕುಟುಂಬವೆಂದು ಸಂತೋಷಪಟ್ಟೆವು. ಒಂದೇ ಕುಟುಂಬದಲ್ಲಿ ಎರಡು ಪಂಕ್ತಿ ಇರಲು ಹೇಗೆ ಸಾಧ್ಯ?

"ಮಗಳನ್ನು ಕೊಡುವಾಗ ಮನೆತನ ವಿಚಾರಿಸಬಾರದೆ?" ಎಂದು ತಾಯ್ತಂದೆಯರು ಕೇಳಬಹುದು. ಖಂಡಿತ ವಿಚಾರಿಸಬೇಕು. ಆ ಮನೆಯಲ್ಲಿ ಕುಡಿತವಿದೆಯೆ? ಸೊಸೆಯಂದಿರನ್ನು ಹೇಗೆ ನೋಡಿಕೊಳ್ಳುತ್ತಾರೆ? ಮುದುಕರನ್ನು ಮೂಲೆಗೆ ತಳ್ಳಿದ್ದಾರೆಯೆ? ಸಂಜೆ ಒಟ್ಟಾಗಿ ಕುಳಿತು ಪ್ರಾರ್ಥಿಸುತ್ತಾರೆಯೆ? ಕೆಲಸದವಳಿಗೆ ಸಂಬಳವನ್ನು ಸರಿಯಾಗಿ ಕೊಡುತ್ತಾರೆಯೆ? ಇವೆಲ್ಲ ಮನೆತನದ ಪ್ರಶ್ನೆಗಳೇ. ಇವುಗಳನ್ನು ಕೇಳದೆ, ಮುತ್ತಜ್ಜ ಯಾರು, ಯಾವ ಕೇರಿಯವನು ಎಂದಷ್ಟೇ ಕೇಳುವವರು ಕುದುರೆಯನ್ನು ನೋಡದೆ ಲಾಯಕ್ಕೆ ಬೆಲೆ ಕಟ್ಟುವವರು.

ನಮ್ಮ ಸಂಸ್ಥೆಗಳೂ ಪಾಯಗಾದ ಪಾಠವನ್ನು ಮರೆಯುವಂತಿಲ್ಲ. ಹಳ್ಳಿಯ ಹೆಸರಿನಲ್ಲಿ ಸಂಗ್ರಹಿಸಿದ್ದು ಹಳ್ಳಿಗೆ ತಲುಪುತ್ತಿದೆಯೆ? ಬಡವರಿಗೆಂದು ಆರಂಭಿಸಿದ ಶಾಲೆಯಲ್ಲಿ ಇಂದು ಬಡವರ ಮಕ್ಕಳು ಕುಳಿತಿದ್ದಾರೆಯೆ? ಹಿರಿಯರು ಸೇವೆಯಿಂದ ಗಳಿಸಿದ ಗೌರವವನ್ನು ನಾವು ಸೇವೆಯಿಲ್ಲದೆ ಉಣ್ಣುತ್ತಿದ್ದೇವೆಯೆ? ಯಾರನ್ನೂ ಬೊಟ್ಟು ಮಾಡಿ ನಾವು ಇದನ್ನು ಹೇಳುತ್ತಿಲ್ಲ. ಕನ್ನಡಿಯ ಮುಂದೆ ನಿಂತು ನಮ್ಮನ್ನೇ ಕೇಳಿಕೊಳ್ಳುತ್ತಿದ್ದೇವೆ.

ಪರಿಹಾರವೇನು? ದೊಡ್ಡ ಯೋಜನೆಗಳು ಬೇಡ. ಪ್ರತಿ ಮನೆಯವರೂ ಒಂದು ನೋಟುಪುಸ್ತಕದಲ್ಲಿ ತಮ್ಮ ಮೂರು ತಲೆಮಾರಿನ ಕೆಲಸವನ್ನು ಬರೆದಿಡಲಿ. ಯಾವ ಹುದ್ದೆ ಎಂದಲ್ಲ, ಯಾವ ಕೆಲಸ ಎಂದು ಬರೆಯಲಿ: ಬಾವಿ ತೋಡಿದವರು, ಹೆರಿಗೆ ಮಾಡಿಸಿದವರು, ಕಲ್ಲು ಹೊತ್ತವರು, ಅಕ್ಷರ ಕಲಿಸಿದವರು. ಪಾಯಗಾದ ಲಾಯದಲ್ಲಿ ಕುದುರೆ ಮೇಯಿಸಿದವರ ಹೆಸರನ್ನು ಯಾವ ಚರಿತ್ರೆಯೂ ನಮಗೆ ಉಳಿಸಿಕೊಡಲಿಲ್ಲ. ನಮ್ಮ ಅಜ್ಜಿಯರ ಹೆಸರಾದರೂ ಉಳಿಯಲಿ. ಪೆಟ್ಟಿಗೆಯ ತಳದಲ್ಲಿ ಉರ್ದು ಅಥವಾ ಮೋಡಿ ಲಿಪಿಯ ಹಳೆಯ ಕಾಗದಗಳಿದ್ದರೆ ಗುಜರಿಯವನಿಗೆ ಹಾಕಬೇಡಿ. ಬಲ್ಲವರಿಗೆ ತೋರಿಸಿ, ಪತ್ರಾಗಾರಕ್ಕೆ ಒಪ್ಪಿಸಿ. ರಜೆಯಲ್ಲಿ ಮಕ್ಕಳನ್ನು ಬಸವಕಲ್ಯಾಣದ ಕೋಟೆಗೂ ಹರಳಯ್ಯನ ಗವಿಗೂ ಒಂದೇ ದಿನ ಕರೆದೊಯ್ಯಿರಿ. ಎರಡನ್ನೂ ನೋಡಿದ ಮೇಲೆ, ಯಾವುದು ದೊಡ್ಡ ಮನೆ ಎಂದು ಅವರನ್ನೇ ಕೇಳಿ.

ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಫ್ತರನ್ನು ತೆರೆದು ನೋಡಿದವರಿಗೆ ತಿಳಿದಿರುತ್ತದೆ: ಅಲ್ಲಿ ಎಲ್ಲ ಮಕ್ಕಳಿಗೂ ಸಿಗುವುದು ಒಂದೇ ಅಗಲದ ಸಾಲು. ಜಮೀನುದಾರನ ಮಗನ ಹೆಸರಿನ ಕೆಳಗೆ ಕೂಲಿಯವಳ ಮಗಳ ಹೆಸರು, ಅದೇ ಶಾಯಿಯಲ್ಲಿ, ಅದೇ ಕೈಬರಹದಲ್ಲಿ. ಸಂತ ಮತ್ತಾಯನು ಪ್ರಭು ಯೇಸುವಿನ ವಂಶಾವಳಿಯನ್ನು ಬರೆದಾಗ ರಾಜರ ಸಾಲಿನ ನಡುವೆ ಅನ್ಯದೇಶದ ರೂತಳನ್ನೂ ಜೆರಿಕೋವಿನ ರಾಹಾಬಳನ್ನೂ ಬಿಡದೆ ಸೇರಿಸಿದ. ದಾವೀದನ ಮೋಸದಿಂದ ಹತನಾದ ಊರೀಯನೆಂಬ ಬಡ ಸೈನಿಕನ ಹೆಸರನ್ನೂ ಅಲ್ಲಿಂದ ಅಳಿಸಲಿಲ್ಲ. ದೇವಪುತ್ರನ ಮನೆತನವೇ ಹೀಗಿರುವಾಗ ನಮ್ಮದು ಅದಕ್ಕಿಂತ ಶುದ್ಧವಾಗಬೇಕೆ?

ಶುಭಸಂದೇಶದಲ್ಲಿ ಒಬ್ಬ ಸೈನ್ಯಾಧಿಕಾರಿ ಬರುತ್ತಾನೆ, ಕಫೆರ್ನೌಮಿನ ಶತಾಧಿಪತಿ. ಅವನ ಕುಲ ಯಾವುದು, ಬಿರುದು ಯಾವುದು, ಗೆದ್ದ ಯುದ್ಧ ಯಾವುದು, ನಮಗೆ ತಿಳಿಯದು. ಅವನ ಹೆಸರು ಸಹ ತಿಳಿಯದು. ಹಾಸಿಗೆ ಹಿಡಿದ ತನ್ನ ಸೇವಕನಿಗಾಗಿ ಅವನು ಬೇಡಿಕೊಂಡ ಎಂಬುದಷ್ಟೇ ತಿಳಿದಿದೆ. ಅವನು ದೀನತೆಯಿಂದ ಆಡಿದ ಮಾತನ್ನು ನಾವು ಪ್ರತಿಯೊಂದು ಬಲಿಪೂಜೆಯಲ್ಲೂ ಪ್ರಸಾದ ಸ್ವೀಕರಿಸುವ ಮುನ್ನ ನಮ್ಮ ಮಾತಾಗಿ ಹೇಳುತ್ತೇವೆ. ಮುಂದಿನ ಭಾನುವಾರ ಆ ಮಾತನ್ನು ಹೇಳುವಾಗ, ನಮ್ಮ ಮನೆ ಬಾಗಿಲಲ್ಲಿ ಮುಂದೂಡಲ್ಪಟ್ಟ ಆ ಹುಡುಗ ಹುಡುಗಿಯರನ್ನು ಒಮ್ಮೆ ನೆನೆಯೋಣ. ಅವರ ಹಿರಿಯರು ಮತ್ತೊಮ್ಮೆ ಒಟ್ಟಿಗೆ ಕುಳಿತು ಮಾತಾಡಲು ಈಗಲೂ ಹೊತ್ತು ಮೀರಿಲ್ಲ.